ಅತ್ತೂರು ಇಗರ್ಜಿ ಶುರುವಾದ ವರ್ಷ ಯಾವುದು ಅಂತ ಬರೆಯೋಣ?

ಆನೆಕೆರೆ:
ಎಲ್ಲರಿಗೂ ನಮಸ್ಕಾರ. ಕಾರ್ಕಳ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಯ (ಚರ್ಚಿನ) ಚರಿತ್ರೆಯನ್ನು ನಮ್ಮ ವಾಡೊದ, ಅಂದರೆ ವಾರ್ಡಿನ, ಮಕ್ಕಳಿಗೆ ಅರ್ಥ ಆಗುವ ಹಾಗೆ ಬರೆಯಬೇಕು ಅಂತ ಕೂತಿದ್ದೇನೆ. ನಾಲ್ಕೈದು ಪುಟ ಸಾಕು. ಆದರೆ ಮೊದಲ ಸಾಲಲ್ಲೇ ತಡೆ. "ಈ ಇಗರ್ಜಿ ಇಂಥ ವರ್ಷ ಶುರುವಾಯಿತು" ಅಂತ ಬರೆಯಬೇಕಲ್ವಾ, ಯಾವ ವರ್ಷ ಹಾಕಲಿ?

1759ರಲ್ಲಿ ಗೋವಾದಿಂದ ಬಂದ ಪಾದ್ರಿಯೊಬ್ಬರು ಇಲ್ಲಿ ಮೊದಲ ಇಗರ್ಜಿ ಕಟ್ಟಿಸಿದರು. ಅದು ಈಗಿನ ಜಾಗದಲ್ಲಿ ಇರಲಿಲ್ಲ, ಕೆಲವು ಮೈಲಿ ದೂರದಲ್ಲಿತ್ತು. 1784ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಅದು ನೆಲಸಮ ಆಯಿತು, ಇಲ್ಲಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಸೆರೆಯಿಂದ ವಾಪಸ್ ಬಂದವರು ಮತ್ತೊಂದು ಸಣ್ಣ ಇಗರ್ಜಿ ಕಟ್ಟಿಕೊಂಡರು. ಅದೂ ಬೀಳುವ ಸ್ಥಿತಿಗೆ ಬಂದಾಗ, 1839ರಲ್ಲಿ ಈಗಿನ ಜಾಗಕ್ಕೆ ಬಂದರು. ಆಮೇಲೆ ಅದೇ ಜಾಗದಲ್ಲಿ ಕಟ್ಟಡ ದೊಡ್ಡದಾಯಿತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಇದನ್ನು ಬಸಿಲಿಕಾ (ಪೋಪರಿಂದ ವಿಶೇಷ ಗೌರವ ಪಡೆದ ಇಗರ್ಜಿ) ಅಂತ ಘೋಷಿಸಿದರು.

ಮನೆಯಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ವರ್ಷ. ನಿಮ್ಮ ಅಭಿಪ್ರಾಯ ಬೇಕು. ಬೇರೆ ಊರಿನ ಇಗರ್ಜಿಗಳ ಬಗ್ಗೆ ಗೊತ್ತಿರುವವರೂ ಬರೆಯಿರಿ. ಅವರು ಈ ಪ್ರಶ್ನೆಯನ್ನು ಹೇಗೆ ಬಿಡಿಸಿಕೊಂಡರು ಅಂತ ತಿಳಿದರೆ ನನಗೆ ಸಹಾಯ ಆಗುತ್ತದೆ.

ಪರ್ಪಲೆ ತಪ್ಪಲು:
1839 ಹಾಕಿ. ನನಗೆ ಇದರಲ್ಲಿ ಅನುಮಾನವೇ ಇಲ್ಲ.

ಕತೆ ನಿಮಗೆ ಗೊತ್ತಿರುತ್ತದೆ. ಆದರೂ ಮಕ್ಕಳಿಗೆ ಅಂತ ಹೇಳಿದಿರಲ್ಲ, ಹಿರಿಯರು ಹೇಳುವ ಹಾಗೇ ಹೇಳುತ್ತೇನೆ. ಹಳೆ ಇಗರ್ಜಿ ಉಳಿಯುವುದಿಲ್ಲ ಅಂತ ಆದಾಗ ಹೊಸ ಜಾಗ ಹುಡುಕಲು ಪಾದ್ರಿ ಮತ್ತು ಊರವರು ಹೊರಟರು. ಕೈಯಲ್ಲಿ ಸಂತ ಲಾರೆನ್ಸರ ಮರದ ಪ್ರತಿಮೆ. ದೊಡ್ಡದೇನಲ್ಲ, ಒಂದು ಅಡಿಯಷ್ಟು ಇರಬಹುದು. ಪರ್ಪಲೆ ಗುಡ್ಡದ ಬುಡಕ್ಕೆ ಬರುವಾಗ ಬಾಯಾರಿಕೆ ಆಯಿತು. ಅಲ್ಲೊಂದು ನೀರಿನ ಒರತೆ ಕಂಡಿತು. ಪ್ರತಿಮೆಯನ್ನು ಪಕ್ಕದಲ್ಲಿಟ್ಟು ನೀರು ಕುಡಿದರು. ಹೊರಡೋಣ ಅಂತ ಎತ್ತಲು ಹೋದರೆ ಪ್ರತಿಮೆ ಕದಲಲೇ ಇಲ್ಲ. ಎಷ್ಟು ಜನ ಸೇರಿದರೂ ಏಳಲಿಲ್ಲ. ಕೊನೆಗೆ ಪಾದ್ರಿ ಮೊಣಕಾಲೂರಿ, "ಇಲ್ಲೇ ನಿಮಗೆ ಇಗರ್ಜಿ ಕಟ್ಟುತ್ತೇವೆ" ಅಂತ ಹರಕೆ ಹೊತ್ತ ಮೇಲೆ ಪ್ರತಿಮೆ ಸಲೀಸಾಗಿ ಕೈಗೆ ಬಂತು.

ಆ ಒರತೆಯೇ ಇವತ್ತಿನ ಪುಷ್ಕರಿಣಿ. ಹಬ್ಬಕ್ಕೆ ಬಂದವರು ಅದರ ನೀರು ತಲೆಗೆ ಹಾಕಿಕೊಳ್ಳದೆ ಹೋಗುವುದಿಲ್ಲ. ಅತ್ತೂರು ಅನ್ನುವ ಹೆಸರು ನಾಲ್ಕು ಜಿಲ್ಲೆಗೆ ಗೊತ್ತಾಗಿದ್ದು ಈ ಜಾಗದಿಂದ. ಹಾಗಾಗಿ ಈ ಜಾಗಕ್ಕೆ ಬಂದ ವರ್ಷವೇ ಶುರುವಿನ ವರ್ಷ.

ಹೆಂಚಿನ ಮನೆ:
ಪರ್ಪಲೆಯವರ ಭಕ್ತಿಗೆ ನನ್ನ ಗೌರವ ಇದೆ. ಆದರೆ ಜಾಗದ ವರ್ಷವನ್ನೋ ಕಟ್ಟಡದ ವರ್ಷವನ್ನೋ ಶುರುವಿನ ವರ್ಷ ಅಂತ ತೆಗೆದುಕೊಳ್ಳಲು ನಾನು ಒಪ್ಪುವುದಿಲ್ಲ.

ನನ್ನದು ಹಳೆ ಕಟ್ಟಡಗಳ ರಿಪೇರಿ ಕೆಲಸ. ಕರಾವಳಿಯ ಹಳ್ಳಿ ಇಗರ್ಜಿಗಳ ಮಾಡಿನ ಮೇಲೆ ಹತ್ತಿ ನೋಡಿದ್ದೇನೆ. ಒಂದು ಉದಾಹರಣೆ ಕೊಡುತ್ತೇನೆ. ಹಳೆ ಹೆಂಚನ್ನು ಮಗುಚಿ ಹಾಕಿದರೆ ಹಿಂದೆ "ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865" ಅಂತ ಅಚ್ಚು ಕಾಣುತ್ತದೆ. ಜನ ಅದನ್ನು ನೋಡಿ "ನಮ್ಮ ಇಗರ್ಜಿ 1865ರದ್ದು" ಅಂತ ಬೋರ್ಡ್ ಬರೆಸಿಬಿಡುತ್ತಾರೆ. ಅದು ಮಂಗಳೂರಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಹೆಂಚು ಸುಟ್ಟಿದ್ದು ಐವತ್ತು ವರ್ಷ ಆಮೇಲೂ ಇರಬಹುದು. ಅಚ್ಚಿನಿಂದ ಗ್ಯಾರಂಟಿ ಹೇಳಬಹುದಾದದ್ದು ಒಂದೇ: ಆ ಮಾಡು 1865ಕ್ಕಿಂತ ಹಿಂದಿನದಲ್ಲ.

ಅದಕ್ಕೂ ಮುಂಚೆ ಹಳ್ಳಿಗಳಲ್ಲಿ ಇದ್ದದ್ದು ಮಣ್ಣಿನ ಗೋಡೆ, ಮುಳಿಹುಲ್ಲಿನ ಮಾಡು. ಉಳ್ಳವರ ಊರಾದರೆ ಮುರಕಲ್ಲು. ನಮ್ಮ ಮಳೆಗೆ ಹುಲ್ಲಿನ ಮಾಡನ್ನು ಆಗಾಗ ಬದಲಾಯಿಸಲೇಬೇಕು. ಗೋಡೆಯೂ ಒಂದು ತಲೆಮಾರು ನಿಂತರೆ ಹೆಚ್ಚು. ಹಾಗಿರುವಾಗ ಕಟ್ಟಡ ಹಿಡಿದು ವಯಸ್ಸು ಲೆಕ್ಕ ಹಾಕಿದರೆ ಕರಾವಳಿಯ ಒಂದು ಇಗರ್ಜಿಗೂ ಸರಿಯಾದ ವಯಸ್ಸು ಸಿಗುವುದಿಲ್ಲ. ಕಟ್ಟಡದಲ್ಲಿ ವರ್ಷ ಹುಡುಕುವುದೇ ಆದರೆ ಗಂಟೆ ನೋಡಿ. ಎರಕದಲ್ಲೇ ವರ್ಷ ಬರೆದಿರುತ್ತಾರೆ. ಆಮೇಲೆ ನೆಲಕ್ಕೆ ಹಾಸಿದ ಸಮಾಧಿ ಕಲ್ಲು ನೋಡಿ. ಅಲ್ಲಿ ಸುಳ್ಳು ಕಮ್ಮಿ.

ನನ್ನ ಓಟು 1759ಕ್ಕೆ. ಜನ ಸೇರಿ "ಇದು ನಮ್ಮ ಇಗರ್ಜಿ" ಅಂದ ಮೊದಲ ವರ್ಷ ಅದು.

ಆನೆಕೆರೆ:
ಹೆಂಚಿನ ಅಚ್ಚಿನ ಮಾತು ನನಗೆ ಹೊಸದು, ಥ್ಯಾಂಕ್ಸ್. ಆದರೆ 1759 ಅಂತ ಹಾಕಿದರೆ ನಡುವೆ ದೊಡ್ಡ ಖಾಲಿ ಇದೆಯಲ್ಲ. 1784ರಿಂದ 1799ರವರೆಗೆ ಇಲ್ಲಿ ಇಗರ್ಜಿಯೂ ಇಲ್ಲ, ಜನರೂ ಇಲ್ಲ. ಆ ಹದಿನೈದು ವರ್ಷವನ್ನು ಏನು ಮಾಡುವುದು? ಮಕ್ಕಳು ಕೇಳೇ ಕೇಳುತ್ತಾರೆ.

ಕಾವೇರಿ ಈಚೆ:
ಆ ಹದಿನೈದು ವರ್ಷ ಖಾಲಿ ಅಲ್ಲ. ಅದು ನಮ್ಮ ಕಡೆ, ಶ್ರೀರಂಗಪಟ್ಟಣದಲ್ಲಿ ಕಳೆದ ಕಾಲ.

ಎರಡನೇ ಆಂಗ್ಲೋ ಮೈಸೂರು ಯುದ್ಧದ ಕೊನೆಗೆ, ಮಂಗಳೂರು ಕೋಟೆಯ ಮುತ್ತಿಗೆ ಮುಗಿದ ಸಮಯದಲ್ಲಿ, ಕೆನರಾದ (ಈಗಿನ ಕರಾವಳಿ ಕರ್ನಾಟಕದ) ಕ್ರೈಸ್ತರು ಇಂಗ್ಲಿಷರಿಗೆ ಸಹಾಯ ಮಾಡಿದರು ಅನ್ನುವ ಆರೋಪ ಬಂತು. 1784ರ ಬೂದಿ ಬುಧವಾರದ (ಈಸ್ಟರಿಗೆ ಮುಂಚಿನ ಉಪವಾಸ ಶುರುವಾಗುವ ದಿನದ) ಹೊತ್ತಿಗೆ ಟಿಪ್ಪು ಸುಲ್ತಾನನ ಆಜ್ಞೆಯ ಮೇಲೆ ಊರೂರಿನ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿದರು. ಎಷ್ಟು ಜನ ಅನ್ನುವುದಕ್ಕೆ ಒಂದೇ ಲೆಕ್ಕ ಇಲ್ಲ. ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಬೇರೆಬೇರೆ ಕಡೆ ಬೇರೆಬೇರೆ ಬರೆದಿದ್ದಾರೆ. ಅರುವತ್ತು ಸಾವಿರ ಅನ್ನುವುದು ಜಾಸ್ತಿ ಕೇಳಿಬರುವ ಸಂಖ್ಯೆ. ಬಿದ್ದ ಇಗರ್ಜಿಗಳು 27 ಅಂತ ಹೇಳುತ್ತಾರೆ. ಮೂಡುಬಿದಿರೆ ಹತ್ತಿರದ ಹೊಸ್ಪೇಟೆಯ ಪವಿತ್ರ ಶಿಲುಬೆಯ ಇಗರ್ಜಿಯನ್ನು ಅಲ್ಲಿಯ ಜೈನ ಅರಸರಾದ ಚೌಟರು ಉಳಿಸಿಕೊಟ್ಟರು ಅನ್ನುವ ನೆನಪು ಇವತ್ತಿಗೂ ಇದೆ. ನಿಮ್ಮ ಪಕ್ಕದ ಊರೇ ಅದು, ಮಕ್ಕಳಿಗೆ ಇದನ್ನು ಖಂಡಿತ ಹೇಳಿ.

ಪಟ್ಟಣಕ್ಕೆ ಬಂದವರಲ್ಲಿ ಎಷ್ಟೋ ಮಂದಿ ದಾರಿಯಲ್ಲಿ, ಎಷ್ಟೋ ಮಂದಿ ಸೆರೆಯಲ್ಲಿ ತೀರಿಕೊಂಡರು. ಗಟ್ಟಿಮುಟ್ಟಾದ ಹುಡುಗರನ್ನು ಸೈನ್ಯಕ್ಕೆ ಸೇರಿಸಿದರು. ಮತ ಬದಲಾಯಿಸಬೇಕಾಯಿತು. 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಬದುಕಿದ್ದವರಿಗೆ ಬಿಡುಗಡೆ. ಕೆಲವರು ಕರಾವಳಿಗೆ ನಡೆದರು. ಎಲ್ಲರೂ ಹೋಗಲಿಲ್ಲ. ಇಲ್ಲೇ ಉಳಿದವರ ಕೈ ಹಿಡಿದದ್ದು ಫ್ರಾನ್ಸಿನ ಪಾದ್ರಿ ಅಬ್ಬೆ ದುಬೋಯಿ. ಜನ ಅವರನ್ನು ದೊಡ್ಡ ಸ್ವಾಮಿ ಅಂತ ಕರೆಯುತ್ತಿದ್ದರು. ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ ಅವರ ಹೆಸರಿನಲ್ಲೇ ಗುರುತಿಸುವ ಇಗರ್ಜಿ ಈಗಲೂ ಇದೆ. ಸಿಡುಬಿಗೆ ಲಸಿಕೆ ಹಾಕಿಸಲು ಊರೂರು ತಿರುಗಿದವರು ಅವರು. ಭೂಮಿ ಇಲ್ಲದೆ ಚದುರಿದ್ದ ಕ್ರೈಸ್ತರಿಗೆ ಹಾಸನದ ಹತ್ತಿರ ಸತ್ತಿಹಳ್ಳಿಯಲ್ಲಿ ಬೇಸಾಯದ ನೆಲೆ ಮಾಡಿಕೊಟ್ಟರು. 1823ರಲ್ಲಿ ಅವರು ಫ್ರಾನ್ಸಿಗೆ ವಾಪಸ್ ಹೋದರು.

ಆದ್ದರಿಂದ ಆನೆಕೆರೆಯವರೇ, ಆ ಹದಿನೈದು ವರ್ಷದ ಅತ್ತೂರಿನ ಚರಿತ್ರೆ ಬರೆಯಬೇಕಾದರೆ ಗಂಜಾಮಿಗೆ ಬಂದು ನಿಂತು ಬರೆಯಬೇಕು.

ನೇತ್ರಾವತಿ:
ಒಂದು ಮಾತು. ಈ ವಿಷಯ ಎತ್ತಿದರೆ ಕೊನೆಗೆ ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅನ್ನುವ ಜಗಳಕ್ಕೆ ಹೋಗಿ ನಿಲ್ಲುತ್ತದೆ. ಮಕ್ಕಳ ಪುಸ್ತಕದಲ್ಲಿ ಸುಮ್ನೆ ಬಿಟ್ಟುಬಿಟ್ಟರೆ ಆಗದೇ?

ಕಾವೇರಿ ಈಚೆ:
ಬಿಡಬೇಡಿ. ಎಲ್ಲೋ ದೂರದ ರಾಜಕೀಯಕ್ಕೆ ಹೆದರಿ ಮಕ್ಕಳಿಗೆ ಅವರ ಮನೆಯ ಸಂಗತಿಯನ್ನೇ ಹೇಳದಿದ್ದರೆ ಹೇಗೆ? ಏನು ನಡೆಯಿತೋ ಅದನ್ನು ಹೇಳಿ. ಯುದ್ಧ ಇತ್ತು, ಆರೋಪ ಬಂತು, ಇಡೀ ಊರಿಗೆ ಊರೇ ಶಿಕ್ಷೆ ಅನುಭವಿಸಿತು. ಆರೋಪ ಹೊತ್ತವರಲ್ಲಿ ತೊಟ್ಟಿಲ ಮಕ್ಕಳೂ ಇದ್ದರು. ಇವತ್ತಿನ ನೆರೆಯವರ ಮೇಲೆ ಅದರ ಹೊಣೆ ಹೊರಿಸುವ ಒಂದು ಪದವೂ ಬೇಡ. ಅಷ್ಟು ಎಚ್ಚರ ಇದ್ದರೆ ಸಾಕು.

ಹೆಂಚಿನ ಮನೆ:
ಇದಕ್ಕೆ ನನ್ನದೂ ಒಪ್ಪಿಗೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯನ್ನೂ ಕೆಡವಲಿಲ್ಲ. ಅಲ್ಲಿದ್ದ ಫಾದರ್ ಮಿರಾಂದ ಅವರ ಮೇಲೆ ಮೈಸೂರು ಅರಮನೆಗೆ ಇದ್ದ ಗೌರವ ಅದಕ್ಕೆ ಕಾರಣ ಅಂತ ಹೇಳುತ್ತಾರೆ. ಕೆಡವಿದ್ದು, ಉಳಿಸಿದ್ದು ಎರಡನ್ನೂ ಹೇಳಿದರೆ ಮಕ್ಕಳಿಗೆ ಕಾಲದ ಅಂದಾಜು ಸಿಗುತ್ತದೆ. ನಾವು ಸೆಪ್ಟೆಂಬರ್ 8ಕ್ಕೆ ಹೂವು ಹಾಕಿ ಹೊಸ ತೆನೆ ತರುತ್ತೇವಲ್ಲ, ಆ ಮೊಂತಿ ಫೆಸ್ತ್ (ಮರಿಯಮ್ಮನ ಹುಟ್ಟುಹಬ್ಬ) ಶುರುವಾಗಿದ್ದೂ ಅಲ್ಲೇ, ಅವರಿಂದಲೇ.

ಕಿತ್ತಳೆ ತೋಟ:
ವಿರಾಜಪೇಟೆಯಿಂದ ಬರೆಯುತ್ತಿದ್ದೇನೆ. ಇಲ್ಲಿ ಉತ್ತರ ಸುಲಭ. ನಮ್ಮ ಸಂತ ಅನ್ನಮ್ಮನ ಇಗರ್ಜಿಗೆ 1792 ಅಂತ ಎಲ್ಲರೂ ಒಪ್ಪುತ್ತಾರೆ. ಆದರೆ ಆ ವರ್ಷದ ಹಿಂದೆ ಇರುವುದು ನಿಮ್ಮದೇ ಕತೆ.

ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡ ಕೆಲವು ಕೊಂಕಣಿ ಕ್ರೈಸ್ತರು ಕೊಡಗಿನ ಕಾಡು ಹೊಕ್ಕರು. ಕೊಡಗಿನ ಅರಸು ದೊಡ್ಡ ವೀರರಾಜೇಂದ್ರ ಸ್ವತಃ ಟಿಪ್ಪುವಿನ ಸೆರೆಯಲ್ಲಿದ್ದು ತಪ್ಪಿಸಿಕೊಂಡು ಬಂದವರು. ಓಡಿಬಂದವರ ಕಷ್ಟ ಅವರಿಗೆ ಹೇಳಿಕೊಡಬೇಕಿರಲಿಲ್ಲ. ಹೊಸದಾಗಿ ಕಟ್ಟಿದ ಪೇಟೆಯಲ್ಲಿ ಇವರಿಗೆ ಜಾಗ ಕೊಟ್ಟರು, ಇಗರ್ಜಿಗೂ ನೆಲ ಕೊಟ್ಟರು. ಅಂದರೆ ಕರಾವಳಿಯಲ್ಲಿ ಇಗರ್ಜಿಗಳು ಇನ್ನೂ ಪಾಳು ಬಿದ್ದಿದ್ದಾಗಲೇ ಅದೇ ಜನರ ಒಂದು ಕವಲು ಇಲ್ಲಿ ಹಿಂದೂ ಅರಸನ ನೆಲದಲ್ಲಿ ಪೂಜೆ ಶುರು ಮಾಡಿತ್ತು.

ನಿಮ್ಮ ಊರಿನಿಂದ ಹೋದವರಲ್ಲಿ ಯಾರಾದರೂ ಇಲ್ಲಿಗೆ ಬಂದರೋ ಏನೋ. ಎರಡೂ ಕಡೆಯ ಮನೆತನದ ಹೆಸರುಗಳನ್ನು ಕೂತು ಹೋಲಿಸಿದರೆ ಚೆನ್ನಾಗಿರುತ್ತದೆ.

ಹಳೆ ದಫ್ತರ:
ತುಂಬ ಒಳ್ಳೆಯ ಚರ್ಚೆ. ಮನೆತನದ ಮಾತು ಬಂತಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ವರ್ಷದ ವಾದಕ್ಕಿಂತ ನನಗೆ ಜಾಸ್ತಿ ಮುಖ್ಯ ಅನಿಸುವುದು ಇಗರ್ಜಿಯ ಕಪಾಟಿನಲ್ಲಿರುವ ಪುಸ್ತಕಗಳು.

ಕಥೋಲಿಕ ಬಿಷಪರು ಸೇರಿದ್ದ ಟ್ರೆಂಟ್ ಮಹಾಸಭೆ 1563ರಲ್ಲಿ ಮುಗಿಯಿತು. ಜ್ಞಾನಸ್ನಾನ ಮತ್ತು ಮದುವೆಯ ದಾಖಲೆಯನ್ನು ಪ್ರತಿ ಇಗರ್ಜಿಯಲ್ಲೂ ಬರೆದಿಡಬೇಕು ಅನ್ನುವ ಕಟ್ಟಳೆ ಆಗಿನಿಂದ ಬಂತು. ಮರಣದ ಪುಸ್ತಕ ಆಮೇಲೆ ಸೇರಿತು. ಈಗಿನ ಧರ್ಮಸಭೆಯ ಕಾನೂನೂ ಈ ಮೂರು ಪುಸ್ತಕ ಇರಲೇಬೇಕು ಅನ್ನುತ್ತದೆ. ಅಂದರೆ ಸರ್ಕಾರ ಜನನ ಮರಣ ನೋಂದಣಿ ಶುರು ಮಾಡುವುದಕ್ಕೂ ಎಷ್ಟೋ ಮುಂಚೆ, ಗೇಣಿ ಒಕ್ಕಲಿನ ಹೆಣ್ಣುಮಗಳ ಹೆಸರನ್ನೂ ಬರೆದಿಟ್ಟ ಜಾಗ ಇದು. ಅರಸರ ಶಾಸನದಲ್ಲಿ ಅವಳ ಹೆಸರು ಎಲ್ಲಿ ಸಿಗಬೇಕು?

ನಾನು ನೋಡಿದ ಒಂದು ಹಳೆ ಪುಸ್ತಕದ ಪುಟ ಹೇಗಿತ್ತು ಅಂತ ಹೇಳುತ್ತೇನೆ. ಊರಿನ ಹೆಸರು ಬೇಡ. ಉದ್ದನೆಯ ಹಾಳೆ, ಅಂಚು ಗೆದ್ದಲು ತಿಂದಿದೆ. ಹಳೆ ಕಾಲದ ಶಾಯಿಯಲ್ಲಿ ಕಬ್ಬಿಣದ ಅಂಶ ಇರುತ್ತಿತ್ತು. ಅದು ನಿಧಾನವಾಗಿ ಕಾಗದವನ್ನೇ ಸುಡುತ್ತದೆ. ಹಾಗಾಗಿ ಒತ್ತಿ ಬರೆದ ಅಕ್ಷರ ಇದ್ದ ಕಡೆ ಅಕ್ಷರದ ಆಕಾರದಲ್ಲೇ ತೂತು. ಮೊದಲು ತಾರೀಖು. ಆಮೇಲೆ ಮಗುವಿನ ಹೆಸರು, ಅಪ್ಪನ ಹೆಸರು, ಅಮ್ಮನ ಹೆಸರು. ನಂತರ ಜ್ಞಾನ ತಂದೆ, ಜ್ಞಾನ ತಾಯಿ. ಕೊನೆಗೆ ಪಾದ್ರಿಯ ಸಹಿ, ಬಾಲ ಉದ್ದವಾಗಿ ಎಳೆದು ಎರಡು ಸಾಲಿನ ಜಾಗ ತಿನ್ನುವ ಸಹಿ. ಸಹಿ ಬದಲಾದ ಪುಟದಲ್ಲಿ ಪಾದ್ರಿ ಬದಲಾಗಿದ್ದಾರೆ ಅಂತ ತಿಳಿಯಬೇಕು. ಮಳೆಗಾಲದ ತಿಂಗಳುಗಳಲ್ಲಿ ನಮೂದು ಕಮ್ಮಿ, ಮಳೆ ಬಿಟ್ಟ ಮೇಲೆ ಒಂದೇ ದಿನ ಮೂರು ನಾಲ್ಕು ಮಕ್ಕಳು. ಹೊಳೆ ಇಳಿಯುವವರೆಗೆ ಮಗುವನ್ನು ಎತ್ತಿಕೊಂಡು ಬರಲು ಆಗುತ್ತಿರಲಿಲ್ಲ, ಅಷ್ಟೇ.

ಹೊಸದಾಗಿ ಓದುವವರು ಒಂದು ಕಡೆ ಎಡವುತ್ತಾರೆ. ತಾರೀಖಿನಲ್ಲಿ "7ಬ್ರಿಸ್" ಅಂತ ಇದ್ದರೆ ಅದು ಏಳನೇ ತಿಂಗಳಲ್ಲ, ಸೆಪ್ಟೆಂಬರ್. "8ಬ್ರಿಸ್" ಅಂದರೆ ಅಕ್ಟೋಬರ್. ಹಳೆ ರೋಮನ್ ಲೆಕ್ಕದಲ್ಲಿ ವರ್ಷ ಮಾರ್ಚಿನಿಂದ ಶುರು, ಅದರ ಗುರುತು ಇದು. ಇದು ಗೊತ್ತಿಲ್ಲದೆ ಅಕ್ಟೋಬರಿನ ಮಗುವನ್ನು ಆಗಸ್ಟಿಗೆ ಹಾಕಿದ ವಂಶಾವಳಿಗಳನ್ನು ನೋಡಿದ್ದೇನೆ.

1784ರಲ್ಲಿ ಇಗರ್ಜಿಗಳ ಜೊತೆ ಹೋಗಿದ್ದು ಈ ಪುಸ್ತಕಗಳೂ. ಕಟ್ಟಡ ಮತ್ತೆ ಕಟ್ಟಬಹುದು, ಈ ನಷ್ಟ ತುಂಬುವುದಿಲ್ಲ. ಕರಾವಳಿಯ ಬಹಳಷ್ಟು ಮನೆತನಗಳ ಲಿಖಿತ ದಾಖಲೆ 1800ರ ಆಚೆಗೆ ಹಿಂದಕ್ಕೆ ಹೋಗದೆ ಇರಲು ಕಾರಣ ಇದೇ. ಅದಕ್ಕೇ ಉಳಿದಿರುವ ಪುಸ್ತಕಗಳ ಫೋಟೋ ತೆಗೆದಿಡಿ, ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಪ್ಲಾಸ್ಟಿಕ್ ಒಳಗೆ ಕಾಗದ ಇನ್ನೂ ಬೇಗ ಹಾಳಾಗುತ್ತದೆ.

ಆನೆಕೆರೆ:
ಗೇಣಿ ಒಕ್ಕಲಿನ ಹೆಣ್ಣುಮಗಳ ಮಾತು ಓದಿ ತುಂಬ ಹೊತ್ತು ಸುಮ್ಮನೆ ಕೂತೆ. ಮಕ್ಕಳ ಪುಸ್ತಕದಲ್ಲಿ ಪಾದ್ರಿಗಳ ಪಟ್ಟಿ ಹಾಕೋಣ ಅಂತ ಇದ್ದೆ. ಅದರ ಜೊತೆಗೆ ಇಂಥ ಒಂದು ಪುಟವನ್ನೂ ಹಾಕಬೇಕು, ಅಪ್ಪಣೆ ಸಿಕ್ಕರೆ.

ಸ್ವರ್ಣೆ ದಡ:
ಕಲ್ಯಾಣಪುರದವನು ನಾನು. ನೀವೆಲ್ಲ ಇಗರ್ಜಿ ಬಿದ್ದದ್ದು, ಎದ್ದದ್ದು ಹೇಳುತ್ತಿದ್ದೀರಿ. ಒಂದು ಧರ್ಮಕೇಂದ್ರ (ಒಂದು ಇಗರ್ಜಿಗೆ ಸೇರಿದ ಜನಸಮುದಾಯ) ಎರಡಾಗುವುದೂ ಚರಿತ್ರೆಯೇ ಅಲ್ವಾ? ಅದನ್ನು ಬರೆಯಲು ಎಲ್ಲರೂ ಹಿಂಜರಿಯುತ್ತಾರೆ.

ನಮ್ಮ ಮಿಲಾಗ್ರಿಸ್ ಇಗರ್ಜಿ 1678ರದ್ದು. ಕುಂದಾಪುರದ ರೋಜರಿ ಮಾತೆಯ ಇಗರ್ಜಿ ಇನ್ನೂ ಹಳೆಯದು, 1570. ಆಗಿನಿಂದಲೂ ಇಲ್ಲಿಯ ಪಾದ್ರಿಗಳು ಗೋವಾದಿಂದ ಬರುತ್ತಿದ್ದರು. ಪೂರ್ವದ ದೇಶಗಳ ಇಗರ್ಜಿಗಳನ್ನು ನೋಡಿಕೊಳ್ಳುವ ಹಕ್ಕನ್ನು ಪೋಪರು ಪೋರ್ಚುಗಲ್ ದೊರೆಗೆ ಕೊಟ್ಟಿದ್ದರು, ಅದೇ ಪದ್ರುವಾದೊ. ಆಮೇಲೆ ರೋಮ್ 1622ರಲ್ಲಿ ತನ್ನದೇ ಪ್ರೊಪಗಾಂಡ ಸಂಸ್ಥೆ ಮಾಡಿತು. ಎರಡಕ್ಕೂ ತಿಕ್ಕಾಟ. 1838ರಲ್ಲಿ ಪೋಪ್ ಹದಿನಾರನೇ ಗ್ರೆಗೊರಿ ಭಾರತದಲ್ಲಿ ಗೋವಾದ ಹೊರಗಿನ ಪದ್ರುವಾದೊ ಅಧಿಕಾರವನ್ನು ಬಹಳಷ್ಟು ಕಡೆ ತೆಗೆದುಹಾಕಿದರು. ಕೆನರಾವನ್ನು ಕೇರಳದ ವರಾಪುಳದಲ್ಲಿದ್ದ ಕಾರ್ಮೆಲ್ ಸಭೆಯ ಪಾದ್ರಿಗಳ ಕೈಗೆ ಕೊಟ್ಟರು. ಜನ ಎರಡು ಪಾಲಾದರು. ಒಬ್ಬರು ಗೋವಾ ಅನ್ನುವವರು, ಇನ್ನೊಬ್ಬರು ವರಾಪುಳ ಅನ್ನುವವರು. ಒಂದೇ ಮನೆಯಲ್ಲಿ ಎರಡೂ ಇದ್ದವು. ಗಮನಿಸಿ, ನಿಮ್ಮ ಅತ್ತೂರಿನ 1839 ಸರಿಯಾಗಿ ಈ ಗದ್ದಲದ ನಡುವೆ ಬರುತ್ತದೆ.

1886ರಲ್ಲಿ ಪೋರ್ಚುಗಲ್ ಮತ್ತು ರೋಮ್ ನಡುವೆ ಒಪ್ಪಂದ ಆಗಿ ಎಲ್ಲರೂ ಮಂಗಳೂರು ಬಿಷಪರ ಕೆಳಗೆ ಬರಬೇಕು ಅಂತ ತೀರ್ಮಾನ ಆಯಿತು. ಕಲ್ಯಾಣಪುರ, ಬ್ರಹ್ಮಾವರ ಕಡೆ ಕೆಲವರು ಒಪ್ಪಲಿಲ್ಲ. ಅವರ ಜೊತೆ ನಿಂತವರು ಗೋವಾದ ಫಾದರ್ ಆಲ್ವಾರಿಸ್ ಮತ್ತು ಫಾದರ್ ರೋಕ್ ಜೆಫ್ರಿನ್ ನೊರೊನ್ಹಾ. ಆಲ್ವಾರಿಸ್ ಅವರು 1889ರಲ್ಲಿ ಕೋಟ್ಟಯಂನಲ್ಲಿ ಸಿರಿಯನ್ ಆರ್ಥೊಡಾಕ್ಸ್ ಸಭೆಯ ಬಿಷಪರಾಗಿ ಮಾರ್ ಜೂಲಿಯಸ್ ಅನ್ನುವ ಹೆಸರು ಪಡೆದರು. ಬ್ರಹ್ಮಾವರದ ಆರ್ಥೊಡಾಕ್ಸ್ ಸಮುದಾಯ ಹೀಗೆ ಬಂತು. ಅವರ ಮನೆಮಾತು ನಮ್ಮ ಹಾಗೇ ಕೊಂಕಣಿ, ಮನೆತನದ ಹೆಸರೂ ನಮ್ಮವೇ.

ಇದನ್ನು ತಪ್ಪು ಯಾರದು ಅಂತ ಕೇಳುವ ಧಾಟಿಯಲ್ಲಿ ಬರೆಯಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇನ್ನೂರು ವರ್ಷಕ್ಕೂ ಜಾಸ್ತಿ ತಮ್ಮನ್ನು ನೋಡಿಕೊಂಡ ಗೋವಾದ ಪಾದ್ರಿಗಳನ್ನು ಒಂದೇ ಕಾಗದದಿಂದ ಬಿಟ್ಟುಬಿಡಿ ಅಂದರೆ ನೋವಾಗದೇ ಇರುತ್ತದೆಯೇ? ಇನ್ನೊಂದು ಕಡೆಯವರಿಗೂ ಅವರದೇ ಕಾರಣ ಇತ್ತು. ಶಾಲೆ, ಆಸ್ಪತ್ರೆ, ಓದಿದ ಪಾದ್ರಿಗಳು ಬೇಕಿತ್ತು. 1878ರ ಕೊನೆಗೆ ಇಟಲಿಯ ಜೆಸ್ವಿತ್ ಸಭೆಯ ಪಾದ್ರಿಗಳು ಮಂಗಳೂರಿಗೆ ಬಂದರು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾಯಿತು. ಅದೇ ವರ್ಷ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧಿ ಕೊಡಲು ಶುರು ಮಾಡಿದರು.

ಹೇಮಾವತಿ:
ಹಾಸನದಿಂದ. ಮೇಲೆ ಹೆಂಚಿನ ಮನೆಯವರು ಕಟ್ಟಡದ ಬಗ್ಗೆ ಬರೆದದ್ದನ್ನು ಓದುವಾಗ ನನಗೆ ಶೆಟ್ಟಿಹಳ್ಳಿ ನೆನಪಾಯಿತು. ಫೋಟೋ ಎಲ್ಲರೂ ನೋಡಿರುತ್ತೀರಿ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಗಾಥಿಕ್ ಶೈಲಿಯ ರೋಜರಿ ಇಗರ್ಜಿ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಬಂದ ಮೇಲೆ ಊರು ಮುಳುಗಡೆ ಆಯಿತು. ಮಳೆಗಾಲದಲ್ಲಿ ಇಗರ್ಜಿ ಅರ್ಧ ನೀರಿನಲ್ಲಿ ನಿಲ್ಲುತ್ತದೆ. ಬೇಸಗೆಯಲ್ಲಿ ನಡೆದುಕೊಂಡೇ ಒಳಗೆ ಹೋಗಬಹುದು. ಮದುವೆಗೆ ಮುಂಚಿನ ಫೋಟೋ ತೆಗೆಸಲು ಜನ ಬರುತ್ತಾರೆ.

ಅಲ್ಲಿಗೆ ಬರುವವರು ಒಂದು ಪ್ರಶ್ನೆ ಕೇಳುವುದೇ ಇಲ್ಲ. ಇಲ್ಲಿ ಪೂಜೆಗೆ ಬರುತ್ತಿದ್ದ ಜನ ಎಲ್ಲಿ ಹೋದರು? ಅವರು ಗದ್ದೆ, ಮನೆ, ಹಿರಿಯರ ಸಮಾಧಿ ಬಿಟ್ಟು ಬೇರೆ ಕಡೆ ನೆಲೆ ಕಂಡುಕೊಂಡರು. ಅಲ್ಲಿ ಹೊಸ ಇಗರ್ಜಿ ಕಟ್ಟಿಕೊಂಡರು. ಅದರ ಫೋಟೋ ಯಾರೂ ತೆಗೆಯುವುದಿಲ್ಲ, ಏಕೆಂದರೆ ಅದು ಸಾಧಾರಣ ಸಿಮೆಂಟ್ ಕಟ್ಟಡ. ಆದರೆ ಧರ್ಮಕೇಂದ್ರ ಇರುವುದು ಅಲ್ಲಿ, ಜ್ಞಾನಸ್ನಾನ ನಡೆಯುವುದು ಅಲ್ಲಿ.

ನಿಮ್ಮಲ್ಲಿ ಕಟ್ಟಡ ಹೋಗಿ ಜನ ಉಳಿದರು. ನಮ್ಮಲ್ಲಿ ಜನ ಹೋಗಿ ಕಟ್ಟಡ ಉಳಿಯಿತು, ಅದೂ ಈಗೀಗ ಕುಸಿಯುತ್ತಿದೆ. ನನ್ನ ಓಟೂ 1759ಕ್ಕೆ.

ಪರ್ಪಲೆ ತಪ್ಪಲು:
ಎಲ್ಲರೂ 1759ರ ಕಡೆಗೇ ಹೋದಿರಿ. ಇರಲಿ. ಆದರೆ ನಾನು 1839 ಅಂದಿದ್ದರ ಹಿಂದಿನ ಕಾರಣ ಪೂರ್ತಿ ಹೇಳಿಬಿಡುತ್ತೇನೆ.

1759ರ ಇಗರ್ಜಿ ಕ್ರೈಸ್ತರದ್ದು ಮಾತ್ರ ಆಗಿತ್ತು ಅಂತ ನನ್ನ ಅನಿಸಿಕೆ. ಈ ಜಾಗಕ್ಕೆ ಬಂದ ಮೇಲೆ ಅದು ಊರಿನದ್ದಾಯಿತು. ಜನವರಿಯ ಸಾಂತ್ ಮಾರಿಗೆ, ಅಂದರೆ ಅತ್ತೂರಿನ ವಾರ್ಷಿಕ ಹಬ್ಬಕ್ಕೆ, ಬಂದು ನೋಡಿ. ರಾತ್ರಿ ಮೊಂಬತ್ತಿ ಹಚ್ಚುವ ಜಾಗದಲ್ಲಿ ನಿಲ್ಲಿ. ಕಂಕುಳಲ್ಲಿ ಮಗು, ಕೈಯಲ್ಲಿ ಮೊಂಬತ್ತಿ ಕಟ್ಟು, ಹಣೆಯಲ್ಲಿ ಕುಂಕುಮ. ಪಕ್ಕದಲ್ಲಿ ಬುರ್ಖಾ ಹಾಕಿದ ಅಜ್ಜಿ. ಕರಗಿದ ಮೇಣ ಕಾಲಿಗೆ ಅಂಟುತ್ತದೆ, ಸ್ವಯಂಸೇವಕ ಹುಡುಗರು ಅದನ್ನು ಕೆರೆದು ತೆಗೆಯುತ್ತಲೇ ಇರುತ್ತಾರೆ. ತುಳುವಿನಲ್ಲಿ ಹರಕೆ, ಕನ್ನಡದಲ್ಲಿ ಒಂದು ಪೂಜೆ, ಕೊಂಕಣಿಯಲ್ಲಿ ಇನ್ನೊಂದು.

ಸಂತ ಲಾರೆನ್ಸರ ನಿಜವಾದ ಹಬ್ಬ ಆಗಸ್ಟ್ 10. ಕ್ರಿ.ಶ. 258ರಲ್ಲಿ ರೋಮಿನಲ್ಲಿ ಅವರು ಪ್ರಾಣ ಕೊಟ್ಟ ದಿನ ಅದು. ಆದರೆ ಆಗಸ್ಟ್ 10 ಅಂದರೆ ನಮಗೆ ಆಟಿ ತಿಂಗಳು. ಜಡಿಮಳೆ, ಗದ್ದೆ ಕೆಲಸ, ಕೈಯಲ್ಲಿ ಕಾಸಿಲ್ಲ. ಜನವರಿಯಲ್ಲಾದರೆ ಕೊಯ್ಲು ಮುಗಿದಿರುತ್ತದೆ, ದಾರಿ ಒಣಗಿರುತ್ತದೆ. ಊರಿನ ಬೇಸಾಯಕ್ಕೆ ತಕ್ಕ ಹಾಗೆ ಸಂತರ ದೊಡ್ಡ ಹಬ್ಬ ಬಂದು ಕೂತಿದೆ. ಇಗರ್ಜಿ ಊರಿನದ್ದಾಗುವುದು ಅಂದರೆ ಇದೇ ಅಲ್ವಾ?

ಇನ್ನೊಂದು ಸಂಗತಿ ಮಕ್ಕಳಿಗೆ ಹೇಳಿ. ಸಭೆಯ ಸಂಪತ್ತನ್ನು ತಂದೊಪ್ಪಿಸು ಅಂತ ರೋಮಿನ ಅಧಿಕಾರಿ ಕೇಳಿದಾಗ ಲಾರೆನ್ಸ್ ಊರಿನ ಬಡವರು, ಕುಂಟರು, ಕುರುಡರನ್ನು ಕರೆದುಕೊಂಡು ಹೋಗಿ ನಿಲ್ಲಿಸಿದರು ಅನ್ನುವ ಕತೆ ಇದೆ. ಸಾಂತ್ ಮಾರಿಗೆ ಕಾಯಿಲೆಯವರು, ಕೈಲಾಗದವರು ಅಷ್ಟು ಜನ ಬರುವುದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನಾನು ನಂಬಿದ್ದೇನೆ.

ಹಿರಿಯಂಗಡಿ:
ನಾನು ಕ್ರೈಸ್ತ ಅಲ್ಲ. ಮೂಕನಾಗಿ ಓದುತ್ತಿದ್ದೆ, ಪರ್ಪಲೆಯವರು ಬರೆದ ಮೇಲೆ ಹೇಳಲೇಬೇಕು ಅನಿಸಿತು. ನಮ್ಮ ಮನೆಯಲ್ಲಿ ಯಾರಿಗಾದರೂ ಜ್ವರ ಬಿಡದಿದ್ದರೆ ಅಜ್ಜಿ ಮೊದಲು ಹರಕೆ ಹೇಳುತ್ತಿದ್ದದ್ದು ಅತ್ತೂರಿಗೆ. ಆಮೇಲೆ ನಮ್ಮ ದೈವಕ್ಕೆ, ಆಮೇಲೆ ಡಾಕ್ಟರು. ಕಾರ್ಕಳದಲ್ಲಿ ಇದು ಯಾರಿಗೂ ವಿಚಿತ್ರ ಅಲ್ಲ. 1432ರಲ್ಲಿ ನಿಲ್ಲಿಸಿದ ಗೊಮ್ಮಟ ಒಂದು ಗುಡ್ಡದ ಮೇಲೆ, 1586ರ ಚತುರ್ಮುಖ ಬಸದಿ ಎದುರಿಗೆ, ವೆಂಕಟರಮಣ ದೇವಸ್ಥಾನ ಪೇಟೆಯಲ್ಲಿ, ಅತ್ತೂರು ಸ್ವಲ್ಪ ಆಚೆ. ಎಲ್ಲ ಕಡೆಗೂ ಅದೇ ಜನ ಹೋಗುತ್ತಾರೆ.

ನಿಮ್ಮ ಪುಸ್ತಕದಲ್ಲಿ ನಮ್ಮಂಥವರಿಗೂ ಅರ್ಧ ಪುಟ ಕೊಡಿ ಅಂತ ಕೇಳಿಕೊಳ್ಳುತ್ತೇನೆ. ಜ್ಞಾನಸ್ನಾನದ ಪುಸ್ತಕದಲ್ಲಿ ನಮ್ಮ ಹೆಸರು ಇರುವುದಿಲ್ಲವಲ್ಲ.

ನೇತ್ರಾವತಿ:
ಹಿರಿಯಂಗಡಿಯವರ ಮಾತಿಗೆ ಅರ್ಧ ಪುಟ ಸಾಲದು, ಒಂದು ಪುಟವೇ ಕೊಡಿ. 1784ರ ಪುಟದ ಎದುರಿನ ಪುಟದಲ್ಲೇ ಇದು ಇದ್ದರೆ ನನ್ನ ಹೆದರಿಕೆಯೂ ಹೋಗುತ್ತದೆ.

ಹೆಂಚಿನ ಮನೆ:
2016ರ ಬಗ್ಗೆ ಯಾರೂ ಬರೆಯಲಿಲ್ಲ. ಬೆಂಗಳೂರು ಶಿವಾಜಿನಗರದ ಸಂತ ಮರಿಯಮ್ಮನ ಇಗರ್ಜಿ ಬಿಟ್ಟರೆ ಕರ್ನಾಟಕದಲ್ಲಿ ಬಸಿಲಿಕಾ ಗೌರವ ಸಿಕ್ಕಿದ್ದು ಅತ್ತೂರಿಗೇ. ಬಸಿಲಿಕಾದಲ್ಲಿ ಕೆಂಪು ಹಳದಿ ಪಟ್ಟೆಯ ರೇಷ್ಮೆ ಛತ್ರಿ, ಕೋಲಿಗೆ ಕಟ್ಟಿದ ಸಣ್ಣ ಗಂಟೆ ಇರುತ್ತವೆ. ಮಕ್ಕಳಿಗೆ ಅದನ್ನು ತೋರಿಸಿ, ಖುಷಿಪಡುತ್ತಾರೆ. ಉಡುಪಿ ಧರ್ಮಪ್ರಾಂತ್ಯ ಮಂಗಳೂರಿನಿಂದ ಬೇರೆಯಾಗಿದ್ದು 2012ರಲ್ಲಿ. ಅದಾಗಿ ನಾಲ್ಕೇ ವರ್ಷಕ್ಕೆ ಈ ಗೌರವ ಬಂತು. ಶುರುವಿನ ವರ್ಷಕ್ಕೆ ಇದು ಸಂಬಂಧ ಇಲ್ಲ, ಆದರೆ ಬಿಡುವ ಹಾಗೂ ಇಲ್ಲ.

ಆನೆಕೆರೆ:
ಎಲ್ಲರ ಮಾತನ್ನೂ ಒಟ್ಟಿಗೆ ಇಟ್ಟು ಓದಿದೆ. ಮೊದಲ ಸಾಲು ಹೀಗೆ ಬರೆಯುತ್ತೇನೆ: "ಅತ್ತೂರಿನ ಧರ್ಮಕೇಂದ್ರ 1759ರಲ್ಲಿ ಶುರುವಾಯಿತು. 1784ರಲ್ಲಿ ಜನರನ್ನು ಊರು ಬಿಡಿಸಿದರು. ವಾಪಸ್ ಬಂದವರು ಅದನ್ನು ಮತ್ತೆ ನಡೆಸಿದರು. 1839ರಲ್ಲಿ ಅದು ಈಗಿನ ಜಾಗಕ್ಕೆ ಬಂತು." ಒಂದು ವರ್ಷದ ಬದಲು ಮೂರು ವರ್ಷ, ನಡುವೆ ಕಾರಣಗಳು. ಪರ್ಪಲೆಯವರೇ, ಪ್ರತಿಮೆಯ ಕತೆಗೆ ಪ್ರತ್ಯೇಕ ಪುಟ. "ಹಿರಿಯರು ಹೀಗೆ ಹೇಳುತ್ತಾರೆ" ಅಂತ ಶುರು ಮಾಡುತ್ತೇನೆ. ಕತೆಯನ್ನು ಕತೆಯ ಹಾಗೇ ಪ್ರೀತಿಯಿಂದ ಹೇಳುತ್ತೇನೆ.

ಇನ್ನು ಸಹಾಯ ಬೇಕಾಗಿರುವುದು 1960ರ ದಶಕಕ್ಕೆ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಲ್ಯಾಟಿನ್ ಬಿಟ್ಟು ಕೊಂಕಣಿಗೆ ಬಂತು, ಪಾದ್ರಿ ಜನರ ಕಡೆ ತಿರುಗಿ ನಿಂತರು. ಇಷ್ಟು ದೊಡ್ಡ ಬದಲಾವಣೆಯನ್ನು ಕಣ್ಣಾರೆ ಕಂಡವರಿಗೆ ಈಗ ಎಪ್ಪತ್ತು ಎಂಬತ್ತು ವಯಸ್ಸು. ಅವರ ಮಾತನ್ನು ಈಗಲೇ ಬರೆದುಕೊಳ್ಳಬೇಕು. ಯಾರ ಮನೆಯಲ್ಲಾದರೂ ಆ ಕಾಲದ ಫೋಟೋ, ಪ್ರಾರ್ಥನೆ ಪುಸ್ತಕ, ಮದುವೆ ಕಾಗದ ಇದ್ದರೆ ದಯವಿಟ್ಟು ತಿಳಿಸಿ.

ಹಳೆ ದಫ್ತರ:
ಹಿರಿಯರನ್ನು ಮಾತಾಡಿಸುವಾಗ ವರ್ಷ ಕೇಳಬೇಡಿ, ನೆನಪಿರುವುದಿಲ್ಲ. "ಆಗ ನಿಮಗೆ ಮದುವೆ ಆಗಿತ್ತಾ? ದೊಡ್ಡ ಮಗ ಹುಟ್ಟಿದ್ದನಾ?" ಅಂತ ಕೇಳಿ. ಆಮೇಲೆ ಜ್ಞಾನಸ್ನಾನದ ಪುಸ್ತಕದಲ್ಲಿ ಮಗನ ತಾರೀಖು ನೋಡಿ.

ಮುಳಿಹುಲ್ಲು:
ನಮ್ಮ ಅಮ್ಮ ಆಗ ಇಗರ್ಜಿಯ ಗಾಯನ ತಂಡದಲ್ಲಿದ್ದರು. ಲ್ಯಾಟಿನ್ ಹಾಡುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡ ಒಂದು ನೋಟ್ ಪುಸ್ತಕ ಇದೆ. ಅದರ ಹಿಂದಿನ ಪುಟಗಳಲ್ಲಿ ಹೊಸ ಕೊಂಕಣಿ ಹಾಡುಗಳೂ ಇವೆ. ಭಾನುವಾರ ಫೋಟೋ ತೆಗೆದು ಹಾಕುತ್ತೇನೆ. ಅಮ್ಮನ ಹತ್ತಿರ ಮಾತಾಡಬೇಕಿದ್ದರೆ ಮಧ್ಯಾಹ್ನ ಊಟದ ಮೇಲೆ ಬನ್ನಿ, ಸಂಜೆ ಅವರಿಗೆ ಆಯಾಸ ಆಗುತ್ತದೆ.